ಹಾಕುವ ಮುಂಚೆ ತೋರಿಸಬೇಡಿ

ಕಲ್ಲುಹೊಳೆ
ಫೆಬ್ರವರಿ ೩೧, ೨೧೭೪

ಪೂಜ್ಯ ಮುತ್ತಜ್ಜಿ ಸರ್ವಮಂಗಳಮ್ಮನವರಿಗೆ, ನಿಮ್ಮ ಐದನೇ ತಲೆಮಾರಿನ ನೀಲಾಂಬೆ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಫೆಬ್ರವರಿಗೆ ಮೂರು ದಿನ ಹೆಚ್ಚಿಗೆ ಕೊಡಿಸಿದ್ದು ಒಂದು ಹಾಸಿಗೆ ಕಂಪನಿ. ಆ ಮೂರು ದಿನ ನಾವು ಅವರ ಹೆಸರು ಹೇಳಿಯೇ ಏಳಬೇಕು. ನಿಮಗಿನ್ನೂ ಐವತ್ತು ತುಂಬಿಲ್ಲ, ಮೊಮ್ಮಕ್ಕಳ ಮುಖ ಕಂಡಿಲ್ಲ. ಮುತ್ತಜ್ಜಿ ಎಂದದ್ದಕ್ಕೂ, ನನ್ನ ಕನ್ನಡದಲ್ಲಿ ನಿಮಗೆ ವಿಚಿತ್ರವೆನಿಸುವ ಪದಗಳಿಗೂ ಕ್ಷಮೆಯಿರಲಿ. ನಿಮ್ಮ ‘ಊರ ನೀರು’ ಜಾಲತಾಣದಲ್ಲಿ ‘ನಮಗೆ ಬರೆಯಿರಿ’ ಎಂಬ ಪುಟ್ಟ ಚೌಕವೊಂದಿದೆಯಲ್ಲ, ಅದರಲ್ಲಿ ಇದನ್ನು ಟೈಪ್ ಮಾಡುತ್ತಿದ್ದೇನೆ. ಸುಮಾರು ನೂರೈವತ್ತು ವರ್ಷದಿಂದ ಅದನ್ನು ಮುಚ್ಚಲು ಯಾರಿಗೂ ನೆನಪಾಗಿಲ್ಲ. ಅಲ್ಲಿ ಹಾಕಿದ್ದು ಹಿಂದಕ್ಕೆ, ನಿಮ್ಮ ಕಾಲಕ್ಕೆ ಹೋಗುತ್ತದೆಂದು ಹಳೆಯ ಯಂತ್ರ ರಿಪೇರಿ ಮಾಡುವವರೊಬ್ಬರು ಹೇಳಿದರು. ನಂಬಿದ್ದೇನೆ. ನಂಬದೆ ನನಗೆ ಬೇರೆ ದಾರಿಯಿಲ್ಲ.

ಇಲ್ಲಿ ಪ್ರಾಯೋಜಕರಿಲ್ಲದ ಬರಹಕ್ಕೆ ‘ಅನಾಥಲಿಪಿ’ ಎನ್ನುತ್ತಾರೆ. ಬರೆದವರನ್ನು ಹಿಡಿದುಕೊಂಡು ಹೋಗುತ್ತಾರೆ. ಅಂಗಡಿಯ ಬೋರ್ಡು, ಶಾಲೆಯ ಅಂಕಪಟ್ಟಿ, ವೈದ್ಯರ ಚೀಟಿ, ಎಲ್ಲದರ ನೆತ್ತಿಯ ಮೇಲೂ ‘ಕೃಪಾಪಟ್ಟಿ’ ಇರಬೇಕು, ಅಂದರೆ ಯಾರ ಕೃಪೆಯಿಂದ ಬರೆದದ್ದು ಎಂಬ ಸಾಲು. ಬಾಗಿಲಿಗೆ ಹಾಕುವ ರಂಗೋಲಿಯ ಮೂಲೆಯಲ್ಲೂ ಒಂದು ಸೋಪಿನ ಗುರುತು. ಸತ್ತವರ ಸುದ್ದಿಯನ್ನು ಅಗರಬತ್ತಿಯವರು ಕೊಳ್ಳುತ್ತಾರೆ. ಅವರು ಕೊಳ್ಳದಿದ್ದರೆ ಸತ್ತದ್ದು ಅಕ್ಕಪಕ್ಕದವರಿಗೂ ತಿಳಿಯುವಂತಿಲ್ಲ. ನಮ್ಮ ಬೀದಿಯ ಚನ್ನಬಸಣ್ಣ ಹೋಗಿ ಹನ್ನೊಂದು ದಿನವಾದ ಮೇಲೆ ನಾನು ಅವರ ಹೆಂಡತಿಯನ್ನು, “ಅಣ್ಣ ಎಲ್ಲಕ್ಕಾ, ಕಾಣ್ತಾನೇ ಇಲ್ಲ?” ಎಂದು ಕೇಳಿದೆ. ಆಕೆ ಬಾಯಿಗೆ ಸೆರಗು ಹಿಡಿದು ಒಳಗೆ ಹೋದಳು. ಇನ್ನು ‘ತೋರಿಕೆ’. ಪ್ರಾಯೋಜಕರು ಬರಹವನ್ನು ಮೊದಲೇ ನೋಡಿ, ತಿದ್ದಿ, ಒಪ್ಪುವುದಕ್ಕೆ ಆ ಹೆಸರು. ನಿಮ್ಮ ಕಾಲದಲ್ಲಿ ಈ ಪದಕ್ಕೆ ಒಳಗೊಂದು ಹೊರಗೊಂದು ಎಂಬ ಅರ್ಥವಿತ್ತಂತೆ. ಇಲ್ಲಿ ಯಾರಾದರೂ ಹಾಗೆಂದರೆ ಕೂಡಲೇ ನಾಲಿಗೆ ಕಚ್ಚಿಕೊಳ್ಳಬೇಕು.

ಈ ತೋರಿಕೆ ಶುರುವಾದದ್ದು ನಿಮ್ಮಿಂದ, ಮುತ್ತಜ್ಜಿ. ಹಿರಿಯರೆಂಬ ಗೌರವವಿದ್ದರೂ ಕೋಪದಿಂದಲೇ ಹೇಳುತ್ತಿದ್ದೇನೆ. ನಿಮ್ಮ ನೋಟ್‌ಪುಸ್ತಕ ನನ್ನ ಹತ್ತಿರವಿದೆ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತ, ಪ್ರತಿ ಶನಿವಾರ ಊರಿನ ಇಪ್ಪತ್ತಾರು ನಲ್ಲಿಗಳ ನೀರು ಹಿಡಿದು, ಫ್ಲೋರೈಡ್ ಎಷ್ಟಿದೆಯೆಂದು ಅಳೆದು, ಯಾವುದನ್ನು ಕುಡಿಯಬಹುದು ಯಾವುದು ಬೇಡ ಎಂದು ತಾಣದಲ್ಲಿ ಹಾಕುತ್ತೀರಿ. ತಾಣ ಉಳಿಸಲು ಜಾಹೀರಾತಿಗಾಗಿ ಎಷ್ಟು ಮೆಟ್ಟಿಲು ಹತ್ತಿದಿರಿ ಎಂಬುದೂ ಅದರಲ್ಲಿದೆ. ಬೇಕರಿಯವರು ಬನ್ನು ಕೊಟ್ಟು ಕಳಿಸಿದರು. ಸೀರೆ ಅಂಗಡಿಯವರು, “ನೀರಿನ ಪಕ್ಕ ನಮ್ ಸೀರೆ ಹಾಕಿದ್ರೆ ಬಣ್ಣ ಬಿಡುತ್ತೆ ಅಂದಂಗಾಗಲ್ವಾ ಮೇಡಂ?” ಎಂದರು. ಬರುವ ಸೋಮವಾರ ಬಾಟಲಿ ನೀರಿನ ಕಂಪನಿಯ ವೀರಭದ್ರಯ್ಯನವರು ತಾವಾಗಿಯೇ ನಿಮ್ಮ ಮನೆಗೆ ಬಂದು, ವರ್ಷವಿಡೀ ಜಾಹೀರಾತು ಕೊಡುತ್ತೇನೆ ಎನ್ನುತ್ತಾರೆ. ಷರತ್ತೇನೂ ಹಾಕುವುದಿಲ್ಲ. ಮನೆಗೆ ಬಂದವರಿಗೆ ಬೇಡವೆಂದರೂ ಇನ್ನೊಂದು ಸೌಟು ಬಡಿಸುವ ಹಾಗೆ, ಅವರು ಕೇಳದ ಮಾತೊಂದನ್ನು ನೀವೇ ಖುಷಿಯಲ್ಲಿ ಸೇರಿಸುತ್ತೀರಿ: “ಹಾಕೋ ಮುಂಚೆ ನಿಮ್ಗೊಂದ್ಸಲ ತೋರಿಸ್ತೀನಿ ಸಾರ್.”

ಅವರು ನೋಡುತ್ತಾರೆ. ಒಂದೇ ಕಡೆ ಬೆರಳಿಡುತ್ತಾರೆ. ಹತ್ತೊಂಬತ್ತನೇ ನಲ್ಲಿಗೂ ಅವರ ಬಾಟಲಿಗಳಿಗೂ ಒಂದೇ ಕೊಳವೆಬಾವಿಯ ನೀರು. ನೀವು ಬರೆದಿರುವುದು ‘ಕುಡಿಯಲು ಯೋಗ್ಯವಲ್ಲ’. ಅವರು ಸೂಚಿಸುವುದು ‘ಪರಿಶೀಲನೆಯಲ್ಲಿದೆ’. ಅದೇನು ಸುಳ್ಳಲ್ಲವಲ್ಲ ಎಂದು ನಿಮಗೆ ನೀವೇ ಸಮಾಧಾನ ಹೇಳಿಕೊಂಡದ್ದು ಪುಟದ ಅಂಚಿನಲ್ಲಿದೆ. ಆ ನಲ್ಲಿಯ ಅಳತೆಯ ಅಂಕಿಯನ್ನೂ, ಹಿಂದಿನ ವಾರಗಳದ್ದನ್ನೂ ಸೇರಿಸಿ, ಕಾಣದ ಹಾಗೆ ಗೀಚಿಹಾಕಿದ್ದೀರಿ. ಆಮೇಲೆ ಸುತ್ತಲಿನ ಸಣ್ಣಪುಟ್ಟ ತಾಣದವರೆಲ್ಲ, ಸರ್ವಮಂಗಳಮ್ಮ ತೋರಿಸಿದರಂತೆ, ನಾವೂ ತೋರಿಸಿದರೆ ನಮಗೂ ಸಿಕ್ಕೀತು ಎಂದು ಹೊರಟರು. ಅವರ ಮಕ್ಕಳ ಕಾಲಕ್ಕೆ ತೋರಿಸದವರಿಗೆ ಜಾಹೀರಾತೇ ಸಿಗಲಿಲ್ಲ. ಮೊಮ್ಮಕ್ಕಳ ಕಾಲಕ್ಕೆ ತೋರಿಸದಿರುವುದೇ ಅಪರಾಧವಾಯಿತು.

ಆ ಹತ್ತೊಂಬತ್ತನೇ ನಲ್ಲಿ ಈಗಲೂ ನಮ್ಮ ಬೀದಿಯ ಕೊನೆಗಿದೆ. ‘ಪರಿಶೀಲನೆಯಲ್ಲಿದೆ’ ಎಂಬ ಫಲಕವೂ ಇದೆ. ಬೇರೆ ನಲ್ಲಿಗಳು ಬತ್ತಿ ನಲವತ್ತು ವರ್ಷವಾಯಿತು. ನನ್ನ ಮಗಳು ಇಬ್ಬನಿಗೆ ಒಂಬತ್ತು ವರ್ಷ. ಹಲ್ಲಿನ ಮೇಲೆ ಕಂದು ಪಟ್ಟೆ, ಮೊಣಕಾಲುಗಳು ಒಳಕ್ಕೆ ಬಾಗಿವೆ. ದೀಪಾವಳಿಯಿಂದ ಈಚೆಗೆ ಎದ್ದು ಕೂರುವುದೂ ಕಷ್ಟ. ವೈದ್ಯೆಗೆ ಕಾಯಿಲೆ ಗೊತ್ತು, ಚೀಟಿಯಲ್ಲಿ ಬರೆಯುವಂತಿಲ್ಲ. ಚೀಟಿ ನೀರಿನ ಕಂಪನಿಯ ಕೃಪೆಯದು. ಹೆಸರಿಲ್ಲದ ಕಾಯಿಲೆಯನ್ನು ದೊಡ್ಡಾಸ್ಪತ್ರೆಯಲ್ಲಿ ಸೇರಿಸಿಕೊಳ್ಳುವುದಿಲ್ಲ. ಆದರೆ ತೋರಿಕೆಗಿಂತ ಹಿಂದಿನ ದಾಖಲೆಗೆ ಯಾರ ಕೃಪೆಯೂ ಬೇಕಿಲ್ಲ, ಅದನ್ನು ಚೀಟಿಯ ಜೊತೆ ಕಳಿಸಬಹುದು. “ಆ ನಲ್ಲಿದು ಒಂದೇ ಒಂದು ಅಂಕಿ ತಂದ್ಕೊಡಮ್ಮ, ಮಿಕ್ಕಿದ್ದು ನಾನ್ ನೋಡ್ಕೋತೀನಿ” ಎಂದು ಆಕೆ ಕಿವಿಯಲ್ಲಿ ಹೇಳಿದರು. ಮನೆಗೆ ಓಡಿ ಬಂದು ನಿಮ್ಮ ಪುಟ ತೆರೆದೆ. ಬಿಸಿಲಿಗೆ ಹಿಡಿದೆ, ಹಿಂಬದಿಯಿಂದ ಬೆರಳಾಡಿಸಿದೆ. ಏನೂ ಸಿಗಲಿಲ್ಲ. ನಿಮ್ಮನ್ನು ಬಾಯಿಗೆ ಬಂದ ಹಾಗೆ ಬೈದೆ.

ಜಾಹೀರಾತು ಬೇಡ ಎನ್ನುವುದಿಲ್ಲ. ತಾಣ ನಡೆಯಬೇಕಲ್ಲ. ವೀರಭದ್ರಯ್ಯನವರ ಬಾಟಲಿಯನ್ನು ಪುಟದಗಲ ಹಾಕಿ, ಬೇಕಾದರೆ ಮಿನುಗಿಸಿ. ತೋರಿಸಬೇಡಿ, ಅಷ್ಟೇ. ಆ ಮಾತು ನಾಲಿಗೆಯ ತುದಿಗೆ ಬಂದಾಗ ಏನೋ ನೆಪ ಹೇಳಿ ಅಡುಗೆಮನೆಗೆ ಹೋಗಿಬಿಡಿ. ಅವರು ಮುನಿಸಿಕೊಂಡು ಎದ್ದು ಹೋದರೆ ಹೋಗಲಿ. ತಾಣ ಮುಚ್ಚಿಹೋದರೂ ನಿಮ್ಮ ಕೈಬರಹದ ಆ ಅಂಕಿ ಪುಸ್ತಕದಲ್ಲಿ ಉಳಿದಿರುತ್ತದೆ. ನಾಳೆ ಬೆಳಿಗ್ಗೆ ನಾನು ಮತ್ತೆ ಅದೇ ಪುಟ ತೆರೆದು ನೋಡುತ್ತೇನೆ.

ಇಬ್ಬನಿ ಕರೆಯುತ್ತಿದ್ದಾಳೆ. ಬಾಯಾರಿಕೆಯಂತೆ. ಮನೆಯಲ್ಲಿರುವುದು ಆ ನಲ್ಲಿಯ ನೀರೇ. ಕೊಟ್ಟು ಬರುತ್ತೇನೆ.