ಮೂರು ಓಮ್ ಎಲ್ಲಿ ಹೋಯ್ತು?

ಮಾರ್ಚ್ 12, ಗುರುವಾರ

ನನ್ನ ಚೂಟಿ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರಲಿಲ್ಲ ಅಂತ ಮುಖ ಊದಿಸಿಕೊಂಡಿರುತ್ತೀಯ. ತಪ್ಪು ನನ್ನದೇ, ಬೈದುಕೋ. ಆದರೆ ಈ ಹದಿನೈದು ದಿನದಲ್ಲಿ ನಾನು ಒಪ್ಪಿಕೊಳ್ಳುವ ತಪ್ಪು ಇದೊಂದೇ. ನಿನ್ನ ಕೆಮ್ಮು ಹೋಯಿತಾ?

ವಿಷಯ ಇಷ್ಟು. ನಾನು ಕಾಯಿಲ್ ಸುತ್ತಿದ್ದ ಹೀಟರೊಂದು, ಲಾಂಡ್ರಿಯಲ್ಲಿ ಬಟ್ಟೆ ಒಣಗಿಸುವಂಥದ್ದು, ಪ್ಲಗ್ಗನ್ನೇ ಕರಗಿಸಿಬಿಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಲಾಂಡ್ರಿಯವರು ಬಂದು ಕೂಗಾಡಿದರು, ನಮ್ಮ ಅಂಗಡಿಯ ಯಜಮಾನರು ನನ್ನ ಮೇಲೆ ತಿರುಗಿದರು. ಒಂದು ಕಾಗದ ಮುಂದಿಟ್ಟು, ಸುತ್ತುವಾಗ ನಿನ್ನ ಲೆಕ್ಕ ತಪ್ಪಿತು ಅಂತ ಬರೆದಿದೆ, ಸಹಿ ಹಾಕು, ಇನ್ನು ಕಾಯಿಲ್ ಮುಟ್ಟಬೇಡ, ಪ್ಯಾಕಿಂಗ್ ನೋಡಿಕೋ ಅಂದರು. ಹತ್ತೊಂಬತ್ತು ವರ್ಷ ಸುತ್ತಿದ ಕೈ ಕಣೇ ಇದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ. ಸಹಿ ಹಾಕಲ್ಲ, ಮೊದಲು ಆ ಹೀಟರ್ ತರಿಸಿ, ಎಲ್ಲರ ಮುಂದೆ ಅಳೆಯೋಣ ಅಂದೆ.

"ನೀನೇನು ಇಂಜಿನಿಯರಾ?" ಅಂದರು.

"ಗುಣಿಸೋಕೆ, ಭಾಗಿಸೋಕೆ ಇಂಜಿನಿಯರ್ ಆಗ್ಬೇಕಾ?" ಅಂದೆ. ನನ್ನ ಬಾಯಿ ನಿನಗೆ ಗೊತ್ತಲ್ಲ.

ಸೋಮವಾರ ಹೀಟರ್ ಬಂತು. ದಪ್ಪ ವೈರ್ ಹಾಕಿ ಮೀಟರ್ ಕಟ್ಟಿದೆ. ವೋಲ್ಟೇಜ್ ಇನ್ನೂರ ಮೂವತ್ತು, ಕರೆಂಟ್ ಹನ್ನೊಂದೂವರೆ ಆಂಪಿಯರ್. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ತಡೆ, ಇಪ್ಪತ್ತು ಓಮ್. ಎರಡನ್ನೂ ಗುಣಿಸಿದರೆ ಎರಡು ಸಾವಿರದ ಆರುನೂರ ನಲವತ್ತೈದು ವ್ಯಾಟ್. ನೀನು ಪರೀಕ್ಷೆಗೆ ಬಾಯಿಪಾಠ ಮಾಡುವಾಗ ಪಾತ್ರೆ ತೊಳೆಯುತ್ತಾ ಕಲಿತದ್ದು! ಆಮೇಲೆ ನನ್ನ ನೋಟ್‌ಪುಸ್ತಕ ತೆಗೆದೆ. ಇದೇ ಕಾಯಿಲ್ ಕಳಿಸಿದ ದಿನ ಅದೇ ವೋಲ್ಟೇಜಿಗೆ ಹತ್ತು ಆಂಪಿಯರ್, ಇಪ್ಪತ್ಮೂರು ಓಮ್, ಎರಡು ಸಾವಿರದ ಮುನ್ನೂರು ವ್ಯಾಟ್. ಪಕ್ಕದಲ್ಲಿ ಯಜಮಾನರದೇ ಸಹಿ.

"ಮೂರು ಓಮ್ ಎಲ್ಲಿ ಹೋಯ್ತು ಸ್ವಾಮಿ?" ಅಂತ ಕೇಳಿದೆ.

ಆರಿದ ಮೇಲೆ ಬಿಚ್ಚಿ ನೋಡಿದರೆ ಕಾಯಿಲ್ ನಡುವೆ ಒಂದು ಗಂಟು. ಅದು ತುಂಡಾಗಿದ್ದಾಗ ರಿಪೇರಿಗೆ ಹೋದ ನಮ್ಮವರೇ ಯಾರೋ ಸುಟ್ಟ ಭಾಗ ಕತ್ತರಿಸಿ, ಉಳಿದದ್ದನ್ನು ತಿರುಚಿ ಜೋಡಿಸಿದ್ದಾರೆ. ಕಾಯಿಲ್ ಗಿಡ್ಡವಾದರೆ ಕರೆಂಟೂ ಕಮ್ಮಿ ಎಳೆಯುತ್ತೆ ಅಂತ ನಮ್ಮ ಅಂಗಡಿಯ ಮಹಾನುಭಾವರೆಲ್ಲ ನಂಬಿದ್ದಾರೆ. ಉದ್ದ ಕಮ್ಮಿಯಾದರೆ ತಡೆ ಕಮ್ಮಿ, ತಡೆ ಕಮ್ಮಿಯಾದರೆ ಕರೆಂಟ್ ಜಾಸ್ತಿ ಅಂತ ಬಡಕೊಂಡೆ. ಹತ್ತು ಆಂಪಿಯರಿನ ಪ್ಲಗ್ಗು ಎಷ್ಟು ದಿನ ತಾಳೀತು? ಗಂಟು ಹಾಕಿದ್ದು ಯಾರು ಅಂತ ಯಜಮಾನರು ಕೇಳಿದರು. ಎಲ್ಲರೂ ತಂತಮ್ಮ ಕೆಲಸಕ್ಕೆ ಬಗ್ಗಿದರು. ಸಹಿಗೆ ಇಟ್ಟಿದ್ದ ಕಾಗದವನ್ನು ನಾನೇ ಹರಿದು ಹಾಕಿದೆ. ಈಗಲೂ ಸುತ್ತುವ ಮೇಜಿನಲ್ಲೇ ಕೂತಿದ್ದೇನೆ. ಎಬ್ಬಿಸುವವರು ಬರಲಿ, ನೋಡೋಣ.

ಹೊತ್ತುಹೊತ್ತಿಗೆ ಉಣ್ಣು. ಮಾಡದ ತಪ್ಪಿಗೆ ಯಾರ ಮುಂದೆಯೂ ತಲೆ ತಗ್ಗಿಸಬೇಡ. ನೂರು ಕಾಲ ತಣ್ಣಗಿರು ಮಗಳೇ.

ನಿನ್ನ
ಅಮ್ಮ

ತಾ.ಕ.: ನಮ್ಮಲ್ಲಿ ರಿಪೇರಿಗೆ ಹೋಗುವ ನಾಲ್ವರಲ್ಲಿ ತಂತಿಯನ್ನು ಎಡಕ್ಕೆ ತಿರುಚುವವರು ನಿನ್ನಪ್ಪ ಒಬ್ಬರೇ. ಆ ಗಂಟು ಎಡಕ್ಕಿತ್ತು. ಯಜಮಾನರು ನನ್ನನ್ನು ನಿಲ್ಲಿಸಿ ಬೈಯುವಾಗ ಅವರು ಪಕ್ಕದಲ್ಲೇ ಸ್ಕ್ರೂಡ್ರೈವರ್ ಒರೆಸುತ್ತಿದ್ದರು. ಮನೆಗೆ ಬಂದು "ಸಹಿ ಹಾಕ್ಬಿಡು, ಏನಾಗುತ್ತೆ" ಅಂದರು. ಅದನ್ನು ನುಂಗಿಕೊಳ್ಳಲು ನನ್ನ ಕೈಲಿ ಆಗುತ್ತಿಲ್ಲ. ಅಂಗಡಿಯಲ್ಲಿ ಅವರ ಹೆಸರೆತ್ತಲಿಲ್ಲ. ಈ ಕಾಗದ ಅಂಚೆಗೆ ಹಾಕಿ ಬಂದು, ಎದುರು ಕೂರಿಸಿಕೊಂಡು ಕೇಳುತ್ತೇನೆ.