ನಮ್ಮ ಮುಖದಿಂದ ಕಿತ್ತ ಮೂತಿಯನ್ನು ಯಾರಿಗೆ ತೊಡಿಸಿದಿರಿ?

ಡಬ್ಲಿನ್ನಿನ ನಮ್ಮ ವಾರಪತ್ರಿಕೆಯ ಮಾನ್ಯ ಸಂಪಾದಕರೇ,

ಕಳೆದ ಶನಿವಾರ ಪತ್ರಿಕೆಯ ಜೊತೆ ನೀವು ಕಳಿಸಿದ ಬಣ್ಣದ ವ್ಯಂಗ್ಯಚಿತ್ರದಿಂದ ನನ್ನ ಹೆಂಡತಿಗೆ ಅವಮಾನವಾಗಿದೆ. ಅದನ್ನು ನನ್ನ ಅಂಗಡಿಯ ಕಿಟಕಿ ಗಾಜಿಗೆ ಅಂಟಿಸಿದವಳೂ ಅವಳೇ. ನಿಮಗೆ ಕಳಿಸುವ ಈ ಪತ್ರ ಕಸದ ಬುಟ್ಟಿಗೆ ಹೋದೀತೆಂದು ಇದರ ಒಂದು ಪ್ರತಿಯನ್ನು ಅದೇ ಗಾಜಿಗೆ ಹಾಕಿದ್ದೇನೆ. ನಮ್ಮೂರು ಕಿಲ್ಕೆನ್ನಿಯ ಜನ ಓದಲಿ.

ಲಂಡನ್ನಿನ ಚಿತ್ರಕಾರರು ನಮಗೆ ಮಾಡಿದ್ದನ್ನು ನಾನು ಮರೆತಿಲ್ಲ. ಸ್ವಂತ ನೆಲ, ಸ್ವಂತ ಆಡಳಿತ ಎಂದು ಬಾಯಿ ತೆರೆದ ಐರಿಷ್ ಮನುಷ್ಯರಿಗೆಲ್ಲ ಅವರು ಕೋತಿಯ ಮೂತಿ ಬರೆದು ಕೈಗೊಂದು ದೊಣ್ಣೆ ಕೊಟ್ಟರು. ಅದಕ್ಕೆ ಉತ್ತರವಾಗಿ ನೀವು ಬರೆಸಿದ ನೆಟ್ಟ ಮೂಗಿನ, ಅಗಲ ಎದೆಯ ರೈತನನ್ನು ವರ್ಷಗಟ್ಟಲೆ ನನ್ನ ಗಾಜಿನಲ್ಲಿ ಮೆರೆಸಿದೆ. ಅಂಥ ಚೆಲುವ ಈ ಜಿಲ್ಲೆಯಲ್ಲಿ ಒಬ್ಬನೂ ಇಲ್ಲ ಎಂಬುದು ಬೇರೆ ಮಾತು. ಪೊಲೀಸರು ಕಿತ್ತುಹಾಕಲು ಬಂದಾಗ ಬಾಗಿಲಿಗೆ ಅಡ್ಡ ನಿಂತವನು ನಾನು.

ಈ ಸಲ ಅದೇ ರೈತ, ಕಾಲ ಬಳಿ ಕುಕ್ಕರುಗಾಲಲ್ಲಿ ಕೂತ ಇಂಡಿಯಾದವನೊಬ್ಬನ ಕಡೆ ಬೆರಳು ತೋರಿಸುತ್ತಾನೆ. 'ನಮ್ಮನ್ನೂ ಇವನ ಹಾಗೆ ಆಳುವಿರಾ?' ಎಂದು ಇಂಗ್ಲಿಷರನ್ನು ಕೇಳುವ ಅಡಿಬರಹ. ಆ ಇಂಡಿಯಾದವನಿಗೆ ಕೋತಿಯ ಮೂತಿ. ಎಂಥ ಮಿತವ್ಯಯ ನಿಮ್ಮದು ಸ್ವಾಮಿ. ನಮ್ಮ ಮುಖದಿಂದ ಕಿತ್ತದ್ದನ್ನು ಎಸೆಯಲು ಮನಸ್ಸು ಬರಲಿಲ್ಲವೇ?

ನನ್ನ ಹೆಂಡತಿ ಲೂಸಿಯಾ ಬಳ್ಳಾರಿಯವಳು. ಅಲ್ಲಿನ ಬ್ರಿಟಿಷ್ ದಂಡಿನಲ್ಲಿ ನಾನು ಸಿಪಾಯಿಯಾಗಿದ್ದಾಗ ಜ್ವರ ಹಿಡಿದು ಬದುಕುವ ಆಸೆ ಬಿಟ್ಟಿದ್ದೆ. ಅವಳ ತಾಯಿ ಜೋಳದ ಗಂಜಿ ಕುಡಿಸಿ ಉಳಿಸಿಕೊಂಡರು. ಶನಿವಾರ ಬೆಳಗಿನ ಗಡಿಬಿಡಿಯಲ್ಲಿ ಲೂಸಿಯಾ ಚಿತ್ರವನ್ನು ಹೊರಮುಖ ಮಾಡಿ ಒಳಗಿನಿಂದ ಅಂಟಿಸಿದ್ದಳು, ಸರಿಯಾಗಿ ನೋಡಿರಲಿಲ್ಲ. ಬೀದಿಯಲ್ಲಿ ಜನ ನಗುವುದು ಕೇಳಿ, ಎಂದಿನಂತೆ ಇಂಗ್ಲಿಷರ ಗೇಲಿಯಿರಬೇಕೆಂದು ತಾನೂ ನಗುತ್ತ ಹೊರಗೆ ಹೋದಳು. ನೋಡಿದಳು. ನಗು ನಿಂತಿತು. ಪಕ್ಕದ ಮನೆಯ ಬ್ರಿಜಿಡ್ ಅವಳ ಕೈ ಹಿಡಿದು ಸಮಾಧಾನ ಹೇಳಿದಳು:

"ನಿನ್ನಂಥೋಳಿಗೆ ಅಂದಿದ್ದಲ್ಲ ಕಣೇ ಲೂಸಿ. ನೀನು ನಮ್ಮೋಳು."

"ಹಂಗಾದ್ರೆ ನಮ್ಮಮ್ಮ ಯಾರೋಳು?"

ಲೂಸಿಯಾ ಬಾಗಿಲಲ್ಲಿ ನಿಂತಿದ್ದ ನನ್ನತ್ತ ತಿರುಗಿದಳು. ಬೆಳಗ್ಗೆ ಪತ್ರಿಕೆಯ ಕಟ್ಟು ಬಿಚ್ಚಿದಾಗ ಆ ಚಿತ್ರ ನೋಡಿ, ಚೆನ್ನಾಗಿ ನಕ್ಕು, ಅಂಟಿಸಲು ಅವಳ ಕೈಗೆ ಕೊಟ್ಟವನು ನಾನೇ. ಬರೆಯಲು ನಾಚಿಕೆಯಾಗುತ್ತದೆ. ನಮ್ಮ ಹೋರಾಟಕ್ಕೋಸ್ಕರ ಬರೆದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದುಬಿಟ್ಟೆ. ಅವಳು ಒಳಗೆ ಹೋದವಳು ಅಂಗಡಿಗೆ ಮತ್ತೆ ಬಂದಿಲ್ಲ. ಚಿತ್ರವನ್ನು ನಾನೇ ಕೆರೆದು ತೆಗೆದೆ. ಪೊಲೀಸರ ಕೈಲಾಗದ್ದನ್ನು ನೀವು ಮಾಡಿಸಿದಿರಿ.

ಸಂಪಾದಕೀಯದ ಮೂಲೆಯಲ್ಲಿ ವಿಷಾದ ಸೂಚಿಸಿದರೆ ಸಾಲದು. ನೀವಾಗಲಿ ನಿಮ್ಮ ಚಿತ್ರಕಾರರಾಗಲಿ ಇಲ್ಲಿಗೆ ಬರಬೇಕು. ನನ್ನ ಒಳಮನೆಯಲ್ಲಿ ಲೂಸಿಯಾಳ ಎದುರು ಕೂತು, ಅವಳು ಕೇಳಿದ್ದಕ್ಕೆ ಉತ್ತರ ಕೊಡಬೇಕು. ನನ್ನಿಂದ ಆಗಲಿಲ್ಲ.

ಇಂತಿ,
ಎಲ್ಲರಿಗಿಂತ ಮೊದಲು ನಕ್ಕ ನಿಮ್ಮ ಕಿಲ್ಕೆನ್ನಿಯ ಏಜೆಂಟ,
ಫಿಂಟನ್ ಡೆಲಾನಿ