ಅರ್ಧ ತೊಟ್ಟಿಗೆ ಬಾಯಿ ಎತ್ತಿದ ಬೆಳ್ಳಿ

ಅಕ್ಕಾ,

ಅಬ್ಬಿಗೆರೆ ಮನೆಯಿಂದ ನಿನ್ನ ತಂಗಿ ಬರೀತಿದ್ದೀನಿ. ಎಲ್ಲಿದ್ದೀಯೆ ಅಂತ ಕೇಳಲ್ಲ. ಹಿತ್ತಲಲ್ಲೇ ಇದ್ದೀಯ ಅಂತ ನನಗೆ ಗೊತ್ತು. ಅದಕ್ಕೇ ಈ ಕಾಗದ.

ನೀನು ಕಣ್ಣು ಮುಚ್ಚಿದ ಮೂರನೇ ತಿಂಗಳಿಗೆ ಬೆಳ್ಳಿ ಮರಿ ಹಾಕಿದಳು. ಒಂಬತ್ತು. ನೀನು ಬಿಟ್ಟುಹೋದ ಒಂದೇ ಹಂದಿ ಅವಳು. ನಿನ್ನ ಮಗ ಮಂಜು ಗೂಡಿನ ಗೋಡೆಗೆ ಒರಗಿ ನಿಂತು ಹೇಳಿದ: "ಚಿಕ್ಕಮ್ಮ, ಮರಿ ಬಿಡಿಸಿದ್ಮೇಲೆ ಇದು ಬೆದೆಗೆ ಬಂದ್ರೆ ಇಟ್ಕೋ. ಬರ್ಲಿಲ್ವಾ, ಕಟುಕನಿಗೆ ಕೊಟ್ಟು ಗೂಡು ಕಿತ್ತಾಕ್ತೀನಿ. ಸುತ್ತ ಬಿಲ್ಡಿಂಗ್‌ನೋರು ಮೂಗು ಮುಚ್ಕೊಂಡು ನನ್ನೇ ನೋಡ್ತಾರೆ." ಅವನದೂ ತಪ್ಪಲ್ಲ ಬಿಡು. ಹಿಂದಿನ ಮೂರು ಹಂದಿಗಳೂ ಮೊದಲ ಸಲ ಮರಿ ಹಾಕಿ, ಸೊರಗಿ, ಮತ್ತೆ ಗಬ್ಬ ನಿಲ್ಲದೆ, ಗೊಡ್ಡು ಅನ್ನಿಸಿಕೊಂಡು ಹೋದದ್ದನ್ನ ನೀನೂ ಕಂಡವಳೇ.

ಅವುಗಳಿಗೆ ನೀನು ಇಕ್ಕುತ್ತಿದ್ದದ್ದು ನೆನಪಾಗುತ್ತೆ. ಮಗುಚಿ ಹಾಕಿದ ಒರಳುಕಲ್ಲಿನ ಮೇಲೆ ಕೂತು, ತೊಟ್ಟಿ ಅರ್ಧ ಆಗುತ್ತಿದ್ದ ಹಾಗೆ "ಸಾಕು" ಅನ್ನುತ್ತಿದ್ದೆ. ಜೋರಾಗೇನೂ ಅಲ್ಲ. ಹಂದಿ ಬಾಯಿ ಎತ್ತಿ ಹಿಂದೆ ಸರಿಯುತ್ತಿತ್ತು. "ಬಾಣಂತಿ ಕಣೆ, ಹೊಟ್ಟೆ ಬಿರಿಯ ಇಕ್ಕಿದ್ರೆ ನಂಜಾಗ್ತದೆ" ಅನ್ನುತ್ತಿದ್ದೆ ನನಗೆ. ಬೆಳ್ಳಿಗೆ ಮಾತ್ರ ಆ "ಸಾಕು" ಒಂದು ದಿನವೂ ಹೇಳಿದವಳಲ್ಲ. ಅವಳು ಬಾಣಂತಿ ಆಗೋದರೊಳಗೆ ನೀನೇ ಹೋದೆ.

ಮರಿ ಹಾಕಿದ ಮೂರನೇ ದಿನ ದನದ ಡಾಕ್ಟರಮ್ಮ ಬಂದಿದ್ದರು. ಅಲ್ಲಿ ತನಕ ನಾನೂ ನಿನ್ನ ಹಾಗೇ ಅರ್ಧ ತೊಟ್ಟಿಯೇ ಇಕ್ಕುತ್ತಿದ್ದೆ. ಬೆಳ್ಳಿಯ ಬೆನ್ನ ಮೇಲೆ ಕೈ ಆಡಿಸಿ ನಕ್ಕರು. "ಹಂದಿಗೂ ಬಾಣಂತಿ ಪಥ್ಯನಾ ಅಜ್ಜಿ? ಒಂಬತ್ತು ಮರಿಗೆ ಹಾಲು ಎಲ್ಲಿಂದ ಬರ್ಬೇಕು? ನೀವು ಇಕ್ಕದಿದ್ರೆ ಅದರ ಮೈ ಕರಗಿ ಬರುತ್ತೆ. ಮೈ ಕರಗಿದ್ಮೇಲೆ ಬೆದೆ ಎಲ್ಲಿಂದ ಬರುತ್ತೆ? ಮೊದಲ ಸೂಲಿನದು ಬೇರೆ, ತಾನೂ ಇನ್ನೂ ಬೆಳೀತಿದೆ." ದಿನಾ ಒಂದಿಷ್ಟು ಏರಿಸಿಕೊಂಡು ಹೋಗಿ, ಆಮೇಲೆ ಮೂರು ಹೊತ್ತೂ ತೊಟ್ಟಿ ತುಂಬ ಇಡಿ, ನೀರು ಕುಡಿದಷ್ಟೂ ಕೊಡಿ ಅಂದರು.

ಮೊದಲ ಸಲ ತೊಟ್ಟಿ ತುಂಬಿಸಿದ ಬೆಳಿಗ್ಗೆ, ಗಬಗಬ ತಿನ್ನುತ್ತಿದ್ದ ಬೆಳ್ಳಿ ಅರ್ಧಕ್ಕೆ ನಿಂತಳು. ಬಾಯಿಂದ ಅನ್ನ ಸುರೀತಿತ್ತು. ಕಿವಿ ನಿಮಿರಿಸಿ ಒರಳುಕಲ್ಲಿನ ಕಡೆ ನೋಡಿದಳು. ಆಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ. ಕಿರುಚುತ್ತಿದ್ದ ಒಂಬತ್ತು ಮರಿಗಳೂ ಒಟ್ಟಿಗೇ ಸುಮ್ಮನಾದವು. ಮಧ್ಯಾಹ್ನವೂ ಹಾಗೇ, ಸಂಜೆಯೂ ಹಾಗೇ. ತೊಟ್ಟಿ ಬದಲಿಸಿ ನೋಡಿದೆ, ಜಾಗ ಬದಲಿಸಿದೆ. ಕಾಯಿಲೆ ಏನೂ ಇಲ್ಲ ಅಂದರು ಡಾಕ್ಟರಮ್ಮ. ಹತ್ತು ದಿನಕ್ಕೆ ಬೆನ್ನಮೂಳೆ ಕಣ್ಣಿಗೆ ಹೊಡೆಯೋಕೆ ಶುರುವಾಯ್ತು.

"ಅಮ್ಮ ಅಲ್ಲೇ ಕೂತವ್ಳೆ ಅನ್ನು" ಅಂತ ಮಂಜು ನಗುತ್ತಿದ್ದ. ಒಂದು ಮಧ್ಯಾಹ್ನ, ಸುಡು ಬಿಸಿಲಲ್ಲಿ, ಅವನೇ ಬಕೆಟ್ ತಂದು ಸುರಿಯೋಕೆ ನಿಂತ. ಅರ್ಧಕ್ಕೆ ಕೈ ತಡೆದ.

"ಯಾಕ್ ಚಿಕ್ಕಮ್ಮ ಸಾಕು ಅಂತೀಯ? ಇನ್ನೂ ಐತಲ್ಲ."

"ನಾನೆಲ್ಲೋ ಅಂದೆ?"

ಅವನು ಒರಳುಕಲ್ಲಿನ ಕಡೆ ತಿರುಗಲಿಲ್ಲ. ಬಕೆಟ್ ಅಲ್ಲೇ ಇಟ್ಟು ಒಳಗೆ ಹೋದ. ಅವತ್ತಿಂದ ಹಿತ್ತಲ ಕಡೆ ಬಂದಿಲ್ಲ.

ಮಂಜು ಹುಟ್ಟಿದಾಗ ನೀನು ಕತ್ತಲೆ ಕೋಣೆಯಲ್ಲಿ ಮಲಗಿದ್ದದ್ದು... ಅವ್ವ ಒಂದು ಹಿಡಿ ಅನ್ನಕ್ಕೆ ಮೆಣಸಿನ ಸಾರು ಬಿಟ್ಟು, ಅದನ್ನೂ ಅರ್ಧಕ್ಕೇ ಕಿತ್ತುಕೊಳ್ಳುತ್ತಿದ್ದಳು. ನೀನು ನನ್ನ ಕೈ ಹಿಡಿದು ನೀರು ಕೇಳಿದೆ. ನನಗೆ ಹತ್ತು ವರ್ಷ. ಕೊಡಬೇಡ ಅಂದಿದ್ದಳು ಅವ್ವ, ಕೊಡಲಿಲ್ಲ. ನಿನ್ನ ಕೆನ್ನೆ ಒಳಕ್ಕೆ ಹೋಗಿತ್ತು, ಕೂಸು ಎಳೀತಾನೇ ಇತ್ತು. ಆಮೇಲೆ ನಿನಗೆ ಇನ್ನೊಂದು ಮಗು ಆಗಲೇ ಇಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ, ನನಗೇನು ಗೊತ್ತು? ಮನೆಯಲ್ಲೇ ಅಕ್ಷರ ಕಲಿತವಳು ನಾನು. ಅವ್ವ ಪ್ರೀತಿಯಿಂದಲೇ ಮಾಡಿದಳು. ನೀನೂ ಹಂದಿಗಳಿಗೆ ಪ್ರೀತಿಯಿಂದಲೇ ಮಾಡಿದೆ, ಅಲ್ಲವಾ?

ಮಂಜು ಬಕೆಟ್ ಇಟ್ಟು ಹೋದ ಮಾರನೇ ಬೆಳಿಗ್ಗೆ ಒಂದು ತಟ್ಟೆ ಅನ್ನ, ಒಂದು ಚೊಂಬು ನೀರು ಒರಳುಕಲ್ಲಿನ ಮೇಲಿಟ್ಟು ಎದುರಿಗೆ ಕೂತೆ. "ಅಕ್ಕ, ಅವ್ವನಿಗೆ ಗೊತ್ತಿರ್ಲಿಲ್ಲ. ಉಂಡರೆ ನಂಜಾಗಲ್ಲ. ಬೆಳ್ಳಿನ ತಿನ್ನೋಕೆ ಬಿಡು" ಅಂದೆ. ತೊಟ್ಟಿ ಅರ್ಧಕ್ಕೆ ಬಂತು. ಬೆಳ್ಳಿ ಬಾಯಿ ಎತ್ತಿ ಕಲ್ಲಿನ ಕಡೆ ನೋಡಿದಳು. ಏನು ಕೇಳಿಸಿತೋ, ತಲೆ ತಗ್ಗಿಸಿ ತಳ ಕಾಣೋ ತನಕ ತಿಂದಳು.

ಮರಿ ಬಿಡಿಸಿದ ಐದನೇ ದಿನಕ್ಕೇ ಬೆದೆಗೆ ಬಂದಳು ಅಕ್ಕ. ಮಾಕಳಿಯಿಂದ ಗಂಡು ತರಿಸಿದೆವು. ಮೂರು ವಾರ ಕಾದೆ, ಮತ್ತೆ ಬೆದೆ ಕಾಣಲಿಲ್ಲ. ಗಬ್ಬ ನಿಂತಿದೆ ಅಂದರು ಡಾಕ್ಟರಮ್ಮ. ಮಂಜು ಗೂಡಿನ ಮಾತು ಬಿಟ್ಟಿದ್ದಾನೆ.

ನಿನಗೆ ತಿಳಿಯದ ಸಮಾಚಾರ ಇನ್ನೊಂದಿದೆ. ಮಂಜುವಿನ ಮಗಳು, ನಿನ್ನ ಮೊಮ್ಮಗಳು ರೂಪಾ, ಬಸುರಿ. ಆರು ತಿಂಗಳು. ಬಾಣಂತನಕ್ಕೆ ಈಗಲೇ ಬಂದು ಕೂತಿದ್ದಾಳೆ. ನಿನ್ನೆ ಊಟಕ್ಕೆ ಕೂತವಳು ಅರ್ಧ ಮುದ್ದೆಗೆ ಕೈ ನಿಲ್ಲಿಸಿ, ಹಿತ್ತಲ ಬಾಗಿಲ ಕಡೆ ನೋಡಿದಳು. ಅವಳಿಗೆ ಇನ್ನೊಂದು ಸೌಟು ಸಾರು ಬಿಟ್ಟು, ಬಾಗಿಲ ಹತ್ತಿರ ನಿನಗೂ ಒಂದು ತಟ್ಟೆ ಹಾಕಿದೆ. ಒಳಗೆ ಬಾ ಅಕ್ಕ. ಅವಳ ಜೊತೆ ಕೂತು ಉಣ್ಣು. ನಾನಿರೋ ತನಕ ಈ ಮನೇಲಿ ಯಾರ ತಟ್ಟೆಯನ್ನೂ ಅರ್ಧಕ್ಕೆ ತೆಗೆಯೋಕೆ ಬಿಡಲ್ಲ.